ಹನುಮವ್ವನ ಬೂದಿಗುಡ್ಡೆ

ಟಿ. ದಾಸರಹಳ್ಳಿಯ ನಮ್ಮ ವಠಾರದಲ್ಲಿ ಕೊನೆಯ ಕೋಣೆ ಹನುಮವ್ವನದು. ಕುಷ್ಟಗಿ ಕಡೆಯವಳು. ಗಂಡ ಪೀಣ್ಯದ ಒಂದು ಕಾಗದದ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಹಳೆಯ ರಟ್ಟು ಕರಗಿಸಿ ಮಾಡಿದ ಕಾಗದ ಒಣಗಲು ಹಬೆ ಬೇಕು, ಹಬೆಗೆ ಕಲ್ಲಿದ್ದಲು ಬೇಕು. 2004ರಲ್ಲಿ ಹಬೆಯ ಕೊಳವೆ ಒಡೆದು ಅವನು ಸತ್ತ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲವಂತೆ. ಪರಿಹಾರದ ಬದಲು ಮ್ಯಾನೇಜರ್ ಶ್ಯಾಮಣ್ಣ ಅವಳಿಗೆ ಬೂದಿಗುಡ್ಡೆ ಬಿಟ್ಟುಕೊಟ್ಟರು. ಅದರಲ್ಲಿ ಅರೆಬೆಂದು ಉಳಿದ ಇದ್ದಲನ್ನು ಜರಡಿ ಹಿಡಿದು ಆರಿಸಿ, ಹೋಟೆಲಿನ ಒಲೆಗಳಿಗೆ ಮಾರಿಕೊಳ್ಳಬಹುದು.

ಏಳು ವರ್ಷ ಅವಳು ಹಾಗೇ ಬದುಕಿದಳು. ಬೂದಿಯ ಬಣ್ಣ ನೋಡಿಯೇ ಯಾವ ಪಾಳಿಯಲ್ಲಿ ಯಾರು ಉರಿಸಿದ್ದೆಂದು ಹೇಳುತ್ತಿದ್ದಳು. ಮೈಗಳ್ಳರ ಬೂದಿಯಲ್ಲೇ ಅರೆಬೆಂದ ಇದ್ದಲು ಹೆಚ್ಚು, ಹಾಗಾಗಿ ಅವರೆಂದರೆ ಅವಳಿಗೆ ಪ್ರೀತಿ. “ರಾತ್ರಿ ಪಾಳಿ ನೀಲಪ್ಪ ನಿದ್ದಿ ಹೊಡದ್ರ ನನಗ ಹಬ್ಬ,” ಎನ್ನುತ್ತಿದ್ದಳು.

2011ರಲ್ಲಿ ಅವಳ ತಮ್ಮ ಬಸಲಿಂಗ, ಹೆಂಡತಿ ಮತ್ತು ಮೂರು ಮಕ್ಕಳೊಂದಿಗೆ ಊರಿಂದ ಬಂದ. ಅವಳೇ ಮಾತಾಡಿ ಬಾಯ್ಲರ್ ಕೆಲಸಕ್ಕೆ ಸೇರಿಸಿದಳು.

“ಮೂರು ತಿಂಗಳು ನೋಡ್ತೀನಿ,” ಎಂದಿದ್ದರು ಶ್ಯಾಮಣ್ಣ. “ಇದ್ದಲು ಜಾಸ್ತಿ ಸುಟ್ರೆ ಊರಿಗೆ ಕಳಿಸ್ತೀನಿ.”

ಎರಡು ತಿಂಗಳು ಅವನ ಬೂದಿಯಲ್ಲಿ ಅಕ್ಕನಿಗೆ ಬುಟ್ಟಿ ತುಂಬ ಸಿಕ್ಕಿತು. ಆಮೇಲೆ ಶ್ಯಾಮಣ್ಣ ಕೊನೆಯ ಎಚ್ಚರಿಕೆ ಕೊಟ್ಟರು. ಆ ಸಂಜೆ ಬಸಲಿಂಗ ಅವಳ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕುಳಿತ.

“ಎಮ್ಮಿಗೆ ಮೇವು ಹಾಕಿದಂಗ ಒಮ್ಮೆಲೆ ಸುರೀತಿ ನೀ,” ಎಂದಳು ಹನುಮವ್ವ. “ಪುಡಿಗೆ ನೀರು ಚಿಮುಕಿಸು. ದೊಡ್ಡ ಹೆಂಟಿ ಒಡಿ. ತೆಳ್ಳಗ ಹರವು. ಅದು ಪೂರಾ ಹತ್ತೂತನಕ ಮ್ಯಾಲೆ ಹಾಕಬ್ಯಾಡ.”

“ಹಂಗ ಉರಿಸಿದ್ರ ನಿನಗೇನ ಸಿಗತದಕ್ಕಾ?”

“ಮೊದಲ ನಿನ್ನ ಮಕ್ಕಳ ಹೊಟ್ಟಿ ನೋಡೋ, ಹುಚ್ಚಪ್ಪಾ.”

ಅವನ ಪಾಳಿಯ ಬೂದಿ ಹೋದರೂ ಉಳಿದೆರಡು ಪಾಳಿ ತನ್ನವೇ ಎಂದು ಅವಳು ಅಂದುಕೊಂಡಿದ್ದಳು.

ಅವನು ಕಲಿತ. ಬೂದಿ ಹಿಟ್ಟಿನಂತೆ ಬಂತು. ಶ್ಯಾಮಣ್ಣ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, “ಸಕ್ಕತ್ ಗುರು! ಒಂದು ಚೂರೂ ವೇಸ್ಟ್ ಇಲ್ಲ,” ಎಂದು ಅವನನ್ನು ಕಾಯಂ ಮಾಡಿದರು. ಉಳಿದ ಪಾಳಿಯವರಿಗೂ ಕಲಿಸು ಎಂದರು. ಕಲಿಸಿದ. ನೀಲಪ್ಪನ ಬೂದಿಯೂ ಬೆಳ್ಳಗಾಯಿತು.

ಹದಿನೈದು ದಿನ ಜರಡಿಯಲ್ಲಿ ಏನೂ ನಿಲ್ಲಲಿಲ್ಲ. ಅವಳು ಕೇಳಲು ಹೋದಳು.

“ಗುಡ್ಡೆ ನಿಂದೇ ಕಣಮ್ಮ, ನಾವೇನು ಕಿತ್ಕೊಂಡ್ವಾ?” ಎಂದರು ಶ್ಯಾಮಣ್ಣ. “ಅದ್ರಲ್ಲಿ ಏನೂ ಇಲ್ಲ ಅಂದ್ರೆ ನಿನ್ ತಮ್ಮನ್ನೇ ಕೇಳು.”

ಬಸಲಿಂಗ ಅಲ್ಲೇ ಸಲಿಕೆ ಹಿಡಿದು ನಿಂತಿದ್ದ. ಅವಳು ಅವನನ್ನು ಕೇಳಲಿಲ್ಲ. ಜರಡಿಯನ್ನು ಗೋಡೆಗೆ ಬಡಿದು ಕೊಡವಿ, ಕಂಕುಳಲ್ಲಿಟ್ಟುಕೊಂಡು ಗೇಟು ದಾಟಿದಳು.

ಈಗ, ಮೊದಲು ಇದ್ದಲು ಮಾರುತ್ತಿದ್ದ ಹೋಟೆಲಿನಲ್ಲೇ ಪಾತ್ರೆ ತೊಳೆಯುತ್ತಾಳೆ. ಉಜ್ಜಲು ಬೂದಿಯನ್ನು ಬಸಲಿಂಗ ವಾರಕ್ಕೊಮ್ಮೆ ಚೀಲದಲ್ಲಿ ಕಳಿಸುತ್ತಾನೆ. ಬಹಳ ನುಣುಪು. ಒಂದು ಹರಳೂ ಇರುವುದಿಲ್ಲ.