ಅಪ್ಪ ಗೋಡೆಗೆ ನೀರು ಹೊಡೆದ ದಿನ

ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಹಳೆಯ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಕೋಣೆ ಮಾಡಿಸುತ್ತಿದ್ದೆವು. ಗೋಡೆಗೆ ಜಿಪ್ಸಮ್ ಹಲಗೆ ಹೊಡೆದಾಗಿತ್ತು. ಹಲಗೆಗಳು ಕೂಡುವ ಸಂದಿಗಳಿಗಷ್ಟೇ ಪಟ್ಟಿ ಅಂಟಿಸಿ ಮೆತ್ತಿದರೆ ಸಾಕು, ಎಲ್ಲರೂ ಹಾಗೇ ಮಾಡಿಸುವುದು ಎಂದ ಕೆಲಸದವನು. ಧಾರವಾಡದಿಂದ ಮಗಳ ಮನೆಗೆಂದು ಈ ದೇಶಕ್ಕೆ ಬಂದಿದ್ದ ಅಪ್ಪ ಜೀವನವಿಡೀ ಕಟ್ಟಡ ಕಟ್ಟಿಸಿದವರು. ಹಲಗೆಯನ್ನು ಬೆರಳಿನಿಂದ ತಟ್ಟಿ ಮುಖ ಸಿಂಡರಿಸಿದರು. ಇಡೀ ಗೋಡೆಗೆ ತೆಳ್ಳಗಾದರೂ ಪ್ಲಾಸ್ಟರ್ ಆಗಲೇಬೇಕೆಂದು ಹಟ ಹಿಡಿದರು. ಮೂರು ದಿನ ವಾದ ಮಾಡಿ ಸಾಕಾಗಿ ನಾನು ಹೂಂ ಅಂದೆ. ಗೋಡೆ ಚೆನ್ನಾಗಿರಲಿ ಎಂದಲ್ಲ, ಅವರ ಬಾಯಿ ಮುಚ್ಚಲಿ ಎಂದು.

ಪ್ಲಾಸ್ಟರ್ ಬಳಿದ ಮರುದಿನ ಮಧ್ಯಾಹ್ನ ಸೌತ್‌ಫೀಲ್ಡಿನ ನನ್ನ ಆಫೀಸಿಗೆ ಅಪ್ಪನ ಫೋನ್ ಬಂತು. ಹಿತ್ತಲಿನ ನೀರಿನ ಪೈಪ್ ಎಲ್ಲಿದೆ ಎಂದು ಕೇಳಿದರು. ಗಿಡಗಳಿಗಿರಬೇಕೆಂದುಕೊಂಡು, ಎಲ್ಲಿದೆಯೆಂದು ಹೇಳಿ ಫೋನ್ ಇಟ್ಟುಬಿಟ್ಟೆ. ಆಮೇಲೆ ಹೊಳೆಯಿತು. ಊರಲ್ಲಿ ಹೊಸ ಸಿಮೆಂಟ್ ಗೋಡೆಗೆ ಬಿರುಕು ಬಿಡದಂತೆ ವಾರಗಟ್ಟಲೆ ನೀರು ಹೊಡೆಯುತ್ತಾರೆ. ಇದು ಸಿಮೆಂಟಲ್ಲ, ನೀರು ತಾಗಿದರೆ ಮೆತ್ತಗಾಗುವ ಜಿಪ್ಸಮ್. ಮೇಲಾಗಿ ಗೋಡೆಯ ಸ್ವಿಚ್ಚಿನ ಡಬ್ಬಿಗಳ ಮುಚ್ಚಳ ಬಿಚ್ಚಿಟ್ಟಿತ್ತು, ಒಳಗಿನ ತಂತಿಗಳಲ್ಲಿ ಕರೆಂಟ್ ಇತ್ತು.

ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹತ್ತು ಮೈಲಿ ಹೇಗೆ ಡ್ರೈವ್ ಮಾಡಿದೆನೋ ಗೊತ್ತಿಲ್ಲ. ಅಪ್ಪ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಎಂಬುದೊಂದೇ ತಲೆಯಲ್ಲಿ ಕುಟ್ಟುತ್ತಿತ್ತು.

ಮೆಟ್ಟಿಲ ಮೇಲಿನಿಂದ ಕಂಡರು. ಧೋತರ ಮೇಲೆ ಕಟ್ಟಿಕೊಂಡು, ನಿಂತ ನೀರಿನಲ್ಲಿ ಬರಿಗಾಲಲ್ಲಿ, ತೆರೆದ ಡಬ್ಬಿಯಿಂದ ಒಂದು ಮಾರು ದೂರದಲ್ಲಿ ನೀರು ಹಾಯಿಸುತ್ತಿದ್ದರು. ಕೂಗಿದರೆ ಬೆಚ್ಚಿಬಿದ್ದು ಗೋಡೆಗೇ ಕೈ ಊರುತ್ತಾರೆ ಅನ್ನಿಸಿತು. ಸದ್ದಿಲ್ಲದೆ ಹಿಂದಕ್ಕೆ ಬಂದು, ಗ್ಯಾರೇಜಿಗೆ ಓಡಿ ಮೇನ್ ಸ್ವಿಚ್ ಆಫ್ ಮಾಡಿದೆ.

ಮತ್ತೆ ಮೆಟ್ಟಿಲ ಬಳಿ ಬಂದರೆ ಕೆಳಗೆ ಕತ್ತಲಲ್ಲಿ ನೀರಿನ ಸದ್ದೊಂದೇ ಕೇಳುತ್ತಿತ್ತು. ತಡವಾಯಿತೇ ಅನ್ನಿಸಿತು. ಕೂಗಿ ಕೇಳುವ ಧೈರ್ಯವೂ ಇರಲಿಲ್ಲ.

"ಯಾರದು, ಬಂದೇನವ್ವಾ? ಇಲ್ಲೂ ಕರೆಂಟ್ ಹೋಗ್ತದೇನು?"

ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ.

ಉಬ್ಬಿ ಮೆತ್ತಗಾದ ಹಲಗೆಗಳನ್ನೆಲ್ಲ ಕೀಳಿಸಿ ಹೊಸದು ಹಾಕಿಸಿದೆವು. ಈ ಸಲ ಸಂದಿಗಳಿಗಷ್ಟೇ ಪಟ್ಟಿ. ಅಪ್ಪ ವಾದಕ್ಕಿಳಿಯಲಿಲ್ಲ. ಒಂದೇ ಮಾತು ಅಂದರು.

"ಇದು ನೀರು ಕುಡಿಯೋ ಗೋಡಿ ಅಲ್ಲಂತ ನೀ ಮೊದಲ ಹೇಳಬೇಕಿತ್ತವ್ವಾ."

ಹೇಳಬೇಕಿತ್ತು. ಗೊತ್ತಿತ್ತು ಕೂಡ.