ಶಾವಿಗೆ ಮಷಿನ್ನು ಉಳಿಸಿದ ಹೊತ್ತು

ನಮ್ಮ ಮನೆಯಲ್ಲಿ ಈಗ ಮೂರು ಗಡಿಯಾರಗಳಿವೆ. ಗೋಡೆಯ ಮೇಲೊಂದು, ನನ್ನ ಕೈಗೊಂದು, ದಿಂಬಿನ ಬಾಜು ಗಂಟೆ ಬಾರಿಸಿ ಎಬ್ಬಿಸುವುದು ಇನ್ನೊಂದು. ಮೂರೂ ಬೇರೆ ಬೇರೆ ವೇಳೆ ತೋರಿಸುತ್ತವೆ. ಆದರೆ ಯಾವುದನ್ನು ನೋಡಿದರೂ ನನಗೆ ತಡವಾಗಿರುತ್ತದೆ. ಅದೊಂದರಲ್ಲಿ ಮಾತ್ರ ಅವುಗಳಿಗೆ ಒಮ್ಮತವಿದೆ. ನಾನು ಗಡಿಯಾರವೇ ಇಲ್ಲದ ಮನೆಯಲ್ಲಿ ಬೆಳೆದವನು. ಆಗ ಶಾಲೆಗೆ ತಡವಾಗಿ ಹೋದ ನೆನಪಿಲ್ಲ. ಈಗ ಅದೇ ಶಾಲೆಯ ಮಾಸ್ತರನಾಗಿ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ನುಸುಳುತ್ತೇನೆ.

ಮೊದಲು ಅಣ್ಣಿಗೇರಿಗೆ ಹೋಗಬೇಕಾದರೆ ಬೇವಿನ ಗಿಡದ ಕೆಳಗೆ ಬಸ್ಸಿನ ದಾರಿ ಕಾಯುತ್ತ ಕೂಡುತ್ತಿದ್ದೆ. ಬಸ್ಸು ತನಗೆ ಮನಸ್ಸಾದಾಗ ಬರುತ್ತಿತ್ತು. ಅಷ್ಟರಲ್ಲಿ ಪೇಪರಿನ ಜಾಹೀರಾತುಗಳನ್ನೂ ಬಿಡದೆ ಓದಿ, ಅರ್ಧ ಊರಿನ ಯೋಗಕ್ಷೇಮ ವಿಚಾರಿಸಿ, ಸಣ್ಣದೊಂದು ನಿದ್ದೆಯನ್ನೂ ತೆಗೆಯುತ್ತಿದ್ದೆ. ಹೊತ್ತು ಉಳಿಯುತ್ತದೆಂದು ಮೊಪೆಡ್ ಕೊಂಡೆ. ಉಳಿಯಿತು ನೋಡಿ! ಕೈಯಲ್ಲಿ ಚಾವಿ ಕಂಡರೆ ಸಾಕು, "ಮಾಸ್ತರ್ರ, ಹೆಂಗೂ ಹೊಂಟೀರಿ" ಎಂದು ಒಬ್ಬರು ಗುಳಿಗೆ ತರಲು ಹೇಳುತ್ತಾರೆ, ಇನ್ನೊಬ್ಬರು ಸ್ಟೋವಿನ ಬತ್ತಿ ಎನ್ನುತ್ತಾರೆ, ಮತ್ತೊಬ್ಬರು ಏನೂ ಹೇಳದೆ ಹಿಂದೆ ಹತ್ತಿ ಕುಳಿತೇ ಬಿಡುತ್ತಾರೆ. ತಿಂಗಳಿಗೊಮ್ಮೆ ನೋಡುತ್ತಿದ್ದ ಅಣ್ಣಿಗೇರಿಯನ್ನು ಈಗ ದಿನಾ ನೋಡುತ್ತೇನೆ.

ಬಾಜು ಮನೆಯ ಬಸಣ್ಣನದೂ ಇದೇ ಹಾಡು. ಎತ್ತು ಹೂಡುತ್ತಿದ್ದ ಕಾಲಕ್ಕೆ ಎತ್ತುಗಳಿಗೆ ದಣಿವಾಗುತ್ತಿತ್ತು. ಆ ನೆಪದಲ್ಲಿ ಬಸಣ್ಣನಿಗೂ ಬನ್ನಿ ಗಿಡದ ನೆರಳು, ಎಲೆ ಅಡಿಕೆ ದಕ್ಕುತ್ತಿತ್ತು. ಟ್ರ್ಯಾಕ್ಟರಿಗೆ ದಣಿವೆಂಬುದಿಲ್ಲ. ಮುಂಜಾನೆ ತನ್ನ ಹೊಲ ಮುಗಿದರೆ ಮಧ್ಯಾಹ್ನದಿಂದ ಮಂದಿಯ ಹೊಲ. "ಕೆಲಸ ಜಲ್ದಿ ಮುಗೀತೈತ್ರಿ ಮಾಸ್ತರ್ರ. ಮುಗದ ಕೂಡ್ಲೆ ಇನ್ನೊಂದು ಬಂದ ನಿಂದರತೈತಿ" ಎಂದು ಒಮ್ಮೆ ಹೇಳಿದ. ನಾನು ನಗುವಷ್ಟರಲ್ಲಿ ಹೋಗಿಯೂ ಬಿಟ್ಟ.

ಹಿಂದಿನವರು ಹೊತ್ತು ಅಳೆಯುತ್ತಿದ್ದ ರೀತಿಯೇ ಸಮಾಧಾನದ್ದು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರ ಮೇಲೆ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಪಂಚಾಂಗ ಬಲ್ಲ ನಮ್ಮ ಮುತ್ತಜ್ಜ ಮದುವೆ ಮನೆಗಳಲ್ಲಿ ಈ ಬಟ್ಟಲು ಕಾಯಲು ಕೂಡುತ್ತಿದ್ದರಂತೆ. ಒಮ್ಮೆ ಬೀಗರ ಕೂಡ ಮಾತಿಗೆ ಬಿದ್ದು, ಬಟ್ಟಲು ಯಾವಾಗ ಮುಳುಗಿತೆಂದು ನೋಡಲೇ ಇಲ್ಲವಂತೆ. "ಮುಹೂರ್ತ ಎಲ್ಲಿ ಹೋಗತೈತಿ, ಇಲ್ಲೇ ನೀರಾಗ ಐತಿ" ಎಂದು ಬಟ್ಟಲೆತ್ತಿ ಮತ್ತೆ ತೇಲಿಬಿಟ್ಟರಂತೆ. ಆ ದಂಪತಿಗಳು ಚೆನ್ನಾಗಿಯೇ ಬಾಳಿದರೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಬೀಗರ ಮನೆಯಲ್ಲಿ ಏನು ಹೇಳುತ್ತಾರೋ ನಾನು ಕೇಳಲು ಹೋಗಿಲ್ಲ.

ಇರಲಿ. ಹೊತ್ತು ಉಳಿಸಲು ಹೋಗಿ ನಾವು ಏನು ಕಳೆಯುತ್ತೇವೆ ಎಂಬುದು ನನಗೆ ಮನದಟ್ಟಾದದ್ದು ಈ ಬೇಸಿಗೆಯಲ್ಲಿ, ಶಾವಿಗೆಯ ದೆಸೆಯಿಂದ.

ನಮ್ಮ ಕಡೆ ವರ್ಷಕ್ಕಾಗುವಷ್ಟು ಶಾವಿಗೆಯನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳುವುದು ರೂಢಿ. ಕೈಯಿಂದ ಮಾಡುವುದು ಒಬ್ಬರ ಕೆಲಸವಲ್ಲ. ಓರೆಯಾಗಿಟ್ಟ ಉದ್ದನೆಯ ಮಣೆಯ ಮೇಲೆ ಕುಳಿತು ಒಬ್ಬಳು ಹಿಟ್ಟು ಹೊಸೆದು ಎಳೆ ಇಳಿಸಬೇಕು. ಕೆಳಗೆ ಕುಳಿತವಳು ಅದನ್ನು ಹರಿಯದಂತೆ ಹಿಡಿದು ಕೋಲಿನ ಮೇಲೆ ಹಾಕಬೇಕು. ನನ್ನ ಹೆಂಡತಿ ಶಾಂತಾ ಹೊಸೆಯುವವಳು, ಬಸಣ್ಣನ ಹೆಂಡತಿ ಗಂಗವ್ವ ಹಿಡಿಯುವವಳು. ಒಂದು ದಿನ ನಮ್ಮ ಮನೆಯ ಶಾವಿಗೆ, ಮರುದಿನ ಅವರ ಮನೆಯದು. ವರ್ಷವೆಲ್ಲ ಏನೇ ಮನಸ್ತಾಪವಾಗಿದ್ದರೂ ಮಣೆಯ ಮುಂದೆ ಕುಳಿತ ಮೇಲೆ ಮಾತಾಡದೆ ಗತಿಯಿರಲಿಲ್ಲ.

ಹೋದ ವರ್ಷ ಗಿರಣಿಯ ಹುಸೇನಸಾಬ ಶಾವಿಗೆ ಮಷಿನ್ನು ತಂದ. ನಾದಿದ ಹಿಟ್ಟು ಒಯ್ದು ಕೊಟ್ಟರೆ ಚಹಾ ಕುಡಿಯುವಷ್ಟರಲ್ಲಿ ಶಾವಿಗೆ ಕೈಗೆ ಬರುತ್ತದೆ. ಹೆಣ್ಣುಮಕ್ಕಳ ರಟ್ಟೆಗೆ ಸುಖವಾಯಿತು. ಇದನ್ನು ಅಲ್ಲಗಳೆದರೆ ನನಗೆ ರಾತ್ರಿ ಊಟ ಸಿಗಲಿಕ್ಕಿಲ್ಲ. ಮಣೆ ಅಟ್ಟ ಸೇರಿತು.

ಈ ವರ್ಷ ಹೋಳಿ ಹುಣ್ಣಿಮೆಗೆ ಗಂಗವ್ವ ನಮಗೊಂದು ಡಬ್ಬಿ ಹೋಳಿಗೆ ಕೊಟ್ಟಳು. ನಮ್ಮಲ್ಲಿ ಹಾಗೆ ಬಂದ ಪಾತ್ರೆಯನ್ನು ಬರಿದೇ ತಿರುಗಿ ಕೊಡುವುದಿಲ್ಲ. ಹಿಡಿ ಸಕ್ಕರೆಯೋ ನಾಲ್ಕು ಕಾಳೋ ಅದರಲ್ಲಿರಬೇಕು. ಆಕೆ ಡಬ್ಬಿ ಕೇಳಲು ಬಂದಾಗ ಒಳಗೆ ಹೊಸ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಸೀಟಿಯ ಲೆಕ್ಕ ತಪ್ಪೀತೆಂದು ಶಾಂತಾ ತೊಳೆದ ಡಬ್ಬಿಯನ್ನು ಹಾಗೆಯೇ ಕೈಗಿತ್ತು ಒಳಗೆ ಓಡಿದಳು. ಗಂಗವ್ವ ಹೊಸ್ತಿಲಲ್ಲಿ ತುಸು ಹೊತ್ತು ನಿಂತಳು. ಆಮೇಲೆ ಹೋದವಳು ನಮ್ಮ ಮನೆಯ ಕಡೆ ಮತ್ತೆ ಬರಲಿಲ್ಲ.

ಹೆಂಡಂದಿರ ಮಾತು ನಿಂತ ಮೇಲೆ ಗಂಡಂದಿರು ಕಟ್ಟೆಯ ಮೇಲೆ ಕುಳಿತು ಹರಟಿದರೆ ಅದು ಪಕ್ಷದ್ರೋಹ. ನಾನೂ ಬಸಣ್ಣನೂ ಊರ ಹೊರಗೆ ಟ್ರ್ಯಾಕ್ಟರಿನ ಮರೆಯಲ್ಲಿ ಕದ್ದು ಮಾತಾಡಬೇಕಾಯಿತು. ನಗುವ ಮಾತೇನೋ ಹೌದು, ಆದರೆ ನನಗೆ ಒಳಗೊಳಗೆ ಹೆದರಿಕೆಯಾಗಿತ್ತು. ಶಾಂತಾಳ ತವರು ದೂರ. ಎರಡೂ ಹೆರಿಗೆಯಲ್ಲಿ ಅವಳಿಗೆ ಎರೆದು, ಉಣಿಸಿ, ಮಕ್ಕಳನ್ನು ಎತ್ತಿಕೊಂಡವಳು ಗಂಗವ್ವ. ಈ ಊರಿನಲ್ಲಿ ಅವಳಿಗೆ ಬೇರೆ ಅಕ್ಕ ಇಲ್ಲ. ಇನ್ನಷ್ಟು ದಿನ ಹೀಗೇ ಬಿಟ್ಟರೆ ಮೌನವೇ ರೂಢಿಯಾಗಿಬಿಡುತ್ತದೆ.

"ಹೋಗಿ ಒಂದ ಮಾತ ಆಡಿ ಬಾರಲಾ" ಎಂದು ಶಾಂತಾಳಿಗೆ ಹೇಳಿದೆ.

"ಹೋಗಬೇಕ್ರಿ. ವ್ಯಾಳ್ಯಾನ ಆಗವಲ್ತು" ಎಂದಳು.

ಬಾಜು ಮನೆಗೆ ಹೋಗಲು ವೇಳೆಯಿಲ್ಲ! ನಾನು ಗೋಡೆಯ ಗಡಿಯಾರದ ಕಡೆ ನೋಡಿದೆ. ಅದಕ್ಕೂ ಏನೂ ತೋಚಿದಂತೆ ಕಾಣಲಿಲ್ಲ.

ಶಾಲೆಗೆ ಸೂಟಿ ಬಿಟ್ಟಿತ್ತು. ಒಂದು ಮುಂಜಾನೆ ಶಾಂತಾ, ಗಂಗವ್ವ ಇಬ್ಬರೂ, ಇನ್ನೊಬ್ಬಳಿಗಿಂತ ಮೊದಲು ತನ್ನ ಪಾಳಿಯಾಗಬೇಕೆಂಬ ಹಟದಿಂದ ಹಿಟ್ಟು ನಾದಿ, ಒದ್ದೆ ಅರಿವೆ ಮುಚ್ಚಿ, ಗಿರಣಿಗೆ ಒಯ್ದರು. ಹುಸೇನಸಾಬ ಗುಂಡಿ ಒತ್ತುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. "ಸಂಜೀತನಾ ಬರೂದಿಲ್ಲಂತ್ರೀ ಅಕ್ಕಾರ" ಎಂದನಂತೆ. ಕರೆಂಟು ಹೋಗುವುದು ನಮಗೆ ಹೊಸದಲ್ಲ. ಆದರೆ ಈ ಬಿಸಿಲಿಗೆ ನಾದಿಟ್ಟ ಹಿಟ್ಟು ಸಂಜೆಯ ತನಕ ತಡೆಯುವುದಿಲ್ಲ, ಹುಳಿಯಾಗುತ್ತದೆ. ಇಬ್ಬರೂ ಬುಟ್ಟಿ ಹೊತ್ತು, ಒಬ್ಬಳು ರಸ್ತೆಯ ಈ ಬದಿ, ಇನ್ನೊಬ್ಬಳು ಆ ಬದಿ ಹಿಡಿದು ಮನೆಗೆ ಬಂದರು.

ಅಟ್ಟದಿಂದ ಮಣೆ ಇಳಿಸಿ ಒರೆಸಿಕೊಟ್ಟೆ. ಶಾಂತಾ ಮೇಲೆ ಕುಳಿತಳು, ಹಿಡಿಯಲು ಕೆಳಗೆ ನಾನು ಕುಳಿತೆ. ಎಳೆ ನನ್ನ ಕೈಗೆ ಬಂದದ್ದೇ ತಡ, ಹರಿಯಿತು. ಇನ್ನೊಂದು ಬಂತು, ಅದೂ ಹರಿಯಿತು. "ಏಳ್ರಿ ನೀವು! ಹುಡುಗೂರ ಪೇಪರ ತಿದ್ದಿದಂಗಲ್ಲ ಇದು" ಎಂದಳು. ಗೋಡೆಯಾಚೆಯಿಂದ ಗಂಗವ್ವನ ದನಿಯೂ ಕೇಳಿಸಿತು: "ಎಳಿ ಹಿಡೀರಿ ಅಂದ್ರ ಎತ್ತಿನ ಹಗ್ಗಾ ಹಿಡದಂಗ ಹಿಡೀತೀರಲ್ಲ!" ಪಾಪ, ಬಸಣ್ಣನಿಗೂ ಅದೇ ನೌಕರಿ ಸಿಕ್ಕಿತ್ತು.

ತುಸು ಹೊತ್ತಿನ ಮೇಲೆ ನಮ್ಮ ಬಾಗಿಲಲ್ಲಿ ಗಂಗವ್ವ, ಸೊಂಟದ ಮೇಲೆ ಹಿಟ್ಟಿನ ಬುಟ್ಟಿ. "ಸರೀರಿ ಮಾಸ್ತರ್ರ" ಎಂದು ನನ್ನ ಜಾಗದಲ್ಲಿ ಕುಳಿತು ಕೈಯೊಡ್ಡಿದಳು. ಎಳೆ ಇಳಿಯತೊಡಗಿತು. ಹೊರಗೆ ಹೋಗಬೇಕಾದವನು ನಾನು ಪಡಸಾಲೆಯಲ್ಲಿ ಏನೋ ಹುಡುಕುವವನಂತೆ ನಿಂತೆ.

"ಅಕ್ಕಾ" ಎಂದಳು ಶಾಂತಾ ಬಹಳ ಹೊತ್ತಿನ ಮೇಲೆ, "ಅವತ್ತ ಡಬ್ಬಿ ಬರೀದ ಕೊಟ್ಟೆ. ಆ ಸೀಟಿ ಎಣಸೂ ಗಡಿಬಿಡ್ಯಾಗ ನನಗ ಖಬರ ಇರಲಿಲ್ಲ ಬೇ."

"ಡಬ್ಬಿಗೆ ಬೆಂಕಿ ಹಚ್ಚ. ಹಿಡಿ ಸಕ್ರಿಗೆ ಗತಿ ಇಲ್ಲದಾಕೆನ ನಾ? ಅಕ್ಕಾ ಕುಂದರು ಅನಲಿಲ್ಲಲಾ ನೀ, ಅದ ಹತ್ತಿತು ನನಗ."

ಶಾಂತಾಳ ಎರಡೂ ಕೈ ಹಿಟ್ಟಿನಲ್ಲಿದ್ದವು. ಕಣ್ಣನ್ನು ತೋಳಿಗೆ ಒರೆಸಿಕೊಂಡಳು, ಆದರೆ ಎಳೆ ಹರಿಯಗೊಡಲಿಲ್ಲ. ನಾನು ಕಟ್ಟೆಗೆ ಬಂದು ನೋಡಿದರೆ ಬಸಣ್ಣ ಆಗಲೇ ಎಲೆ ಅಡಿಕೆ ಬಿಚ್ಚಿಕೊಂಡು ಕುಳಿತಿದ್ದ. ಊಟದ ಹೊತ್ತು ಮೀರಿತು. ಒಳಗೆ ಎರಡು ತಿಂಗಳ ಮಾತು ಹರಿಯುತ್ತಿತ್ತು, ನಡುನಡುವೆ ನಗು. ಅನ್ನ ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಇಳಿಹೊತ್ತಿನಲ್ಲಿ ಹುಸೇನಸಾಬ ಪಾಪ, ಸಂಜೆಗೆ ಮೊದಲೇ ಒಳ್ಳೆಯ ಸುದ್ದಿ ತಂದೆನೆಂದು ಓಡುತ್ತ ಬಂದು ಬಾಗಿಲಲ್ಲಿ ಕೂಗಿದ: "ಅಕ್ಕಾರ, ಕರೆಂಟ್ ಬಂತ್ರೀ! ಜಲ್ದಿ ಹಿಟ್ಟ ತರ್ರಿ, ಮಷಿನ್ ಖಾಲಿ ಐತಿ!"

ಗಂಗವ್ವ ಕೋಲಿನ ಮೇಲಿನ ಎಳೆಯಿಂದ ಕಣ್ಣು ತೆಗೆಯಲಿಲ್ಲ.

"ಬಂದ್ರ ಬರಲಿ ಬಿಡೋ ತಮ್ಮಾ" ಎಂದಳು. "ನಮಗೀಗ ಪುರಸೊತ್ತಿಲ್ಲ."