ಅಂಟಕ್ಕ ನೋಡಲು ಹೋದ ಆಟ

ತಂಡದವರೆಲ್ಲ ಅವಳನ್ನು ಕರೆಯುವುದು ಅಂಟಕ್ಕ ಎಂದು. ಮನೆಗಳ ಹಿತ್ತಲಲ್ಲಿ ಪ್ಲಾಸ್ಟಿಕ್ ಹುಲ್ಲಿನ ಆಟದಂಕಣ ಹಾಕುವ ಆರು ಜನರ ತಂಡದಲ್ಲಿ ಅವಳೊಬ್ಬಳೇ ಹೆಂಗಸು. ಗಂಡಸರು ಮಣ್ಣು ಅಗೆಯುತ್ತಾರೆ, ಜಲ್ಲಿ ಹರಡಿ ನೆಲ ಗಟ್ಟಿ ಮಾಡುತ್ತಾರೆ, ಚಾಪೆಯಂತೆ ಸುತ್ತಿ ತಂದ ಹುಲ್ಲನ್ನು ಬಿಡಿಸಿ ಹಾಸಿ ಮೀಸೆ ತಿರುವುತ್ತಾರೆ. ಎರಡು ಪಟ್ಟಿಗಳು ಸೇರುವ ಕಡೆ ಅಂಟು ಹಚ್ಚಿ ಕೂಡಿಸುವುದು ಮಾತ್ರ ಅವಳ ಕೆಲಸ. ಅವಳು ಕೂಡಿಸಿದ ಗೆರೆ ಹುಡುಕಿದರೂ ಕಣ್ಣಿಗೆ ಬೀಳುವುದಿಲ್ಲ. ಹೊಗಳಿಕೆಯ ಮಾತಲ್ಲ ಇದು. ಮೇಸ್ತ್ರಿಯೇ ಒಮ್ಮೆ ಗೆರೆ ಹುಡುಕಲು ಹೋಗಿ ಸೋತು, ಆ ಸಿಟ್ಟಿಗೆ ಅವಳನ್ನೇ ಬೈದಿದ್ದ.

ಹೀಗೆ ಮಂಡಿಯೂರಿಯೇ ಹತ್ತೊಂಬತ್ತು ವರ್ಷ ಕಳೆದವು. ಇಷ್ಟು ವರ್ಷಗಳಲ್ಲಿ ತಾನು ಕೂಡಿಸಿದ ಅಂಕಣದ ಮೇಲೆ ಯಾರಾದರೂ ಆಡುವುದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ ಎಂದರೆ ನೀವು ನಂಬಬೇಕು. ಅಂಟು ಒಣಗಬೇಕು, ಹುಲ್ಲಿನ ಬುಡಕ್ಕೆ ಸುರಿದ ಮರಳು ಕೂರಬೇಕು, ಎರಡು ದಿನ ಯಾರೂ ಕಾಲಿಡಬೇಡಿ ಎಂದು ಮನೆಯವರಿಗೆ ಹೇಳಿ ಮೇಸ್ತ್ರಿ ಗಾಡಿ ಹತ್ತಿಬಿಡುತ್ತಾನೆ. ಆ ಎರಡು ದಿನ ಮುಗಿಯುವಷ್ಟರಲ್ಲಿ ಅಂಟಕ್ಕ ಇನ್ಯಾರದೋ ಹಿತ್ತಲಲ್ಲಿರುತ್ತಾಳೆ.

ಈ ಆಸೆ ಅವಳಿಗೆ ಇಂದು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಅವರ ಮನೆಯ ಹಿಂದೆಯೇ ಶಾಲೆಯೊಂದರ ಟೆನಿಸ್ ಅಂಕಣವಿತ್ತು, ನಡುವೆ ಆಳೆತ್ತರದ ಗೋಡೆ. ತಮ್ಮನನ್ನು ಸೊಂಟದಲ್ಲಿಟ್ಟುಕೊಂಡು ಬಟ್ಟೆ ಒಣಹಾಕುವಾಗ ಆಚೆಯಿಂದ ಚೆಂಡಿನ ಸದ್ದು, ಆಮೇಲೆ ಹುಡುಗಿಯರ ನಗು ಕೇಳುತ್ತಿತ್ತು. ಒಮ್ಮೆ ಬಕೆಟ್ಟು ಬೋರಲು ಹಾಕಿ ಹತ್ತಿದಳು. ಬಕೆಟ್ಟು ಒಡೆಯಿತು, ಅಮ್ಮನಿಂದ ಬೆನ್ನಿಗೆರಡು ಬಿತ್ತು, ಆಟ ಮಾತ್ರ ಕಾಣಲಿಲ್ಲ.

"ಆಟ ನೋಡ್ಬೇಕಾ? ಟೀವಿ ಹಾಕು, ಸಾಕು ಸಾಕು ಅನ್ನೋವರೆಗೂ ತೋರಿಸ್ತಾರೆ," ಎಂದು ಗಂಡ ಕಾಲೆಳೆಯುತ್ತಿದ್ದ.

"ಟೀವಿಯಲ್ಲಿ ಇರೋದನ್ನ ನಾನು ಅಂಟಿಸಿದ್ದಾ?" ಎಂದು ಇವಳು.

ಈ ಸಲ ಕೆಲಸ ಹಲ್ಲಿನ ಡಾಕ್ಟರಮ್ಮ ಒಬ್ಬರ ಮನೆಯಲ್ಲಿ. ಅವರ ಮಗಳಿಗೆ ಹದಿನಾಲ್ಕು ವರ್ಷ, ಟೆನಿಸ್ ಹುಚ್ಚು. ಹಿತ್ತಲು ಸಾಲದೆ ಚಿಕ್ಕ ಅಳತೆಯ ಅಂಕಣವೇ ಸಾಕೆಂದು ಒಪ್ಪಿದ್ದರು. ಡಾಕ್ಟರಮ್ಮನ ಅತ್ತೆಗೆ ಮಾತ್ರ, ಬಟ್ಟೆ ಒಣಹಾಕುವ ತಂತಿ ಕಿತ್ತರೆಂದು ಎಲ್ಲಿಲ್ಲದ ಸಿಟ್ಟು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ, ಮುಖ ಊದಿಸಿಕೊಂಡು ಕೂತಿದ್ದರು. ಸಿಟ್ಟು ಹೇಳಿಕೊಳ್ಳಲು ಯಾರಾದರೂ ಬೇಕಲ್ಲ, ಹತ್ತಿರದಲ್ಲಿ ಅಂಟಕ್ಕ ಸಿಕ್ಕಳು.

"ನೀರು ಹಾಕೋ ಹಾಗಿಲ್ಲ, ಹಸು ಮೂಸೋ ಹಾಗಿಲ್ಲ. ಯಾವ ಭಾಗ್ಯಕ್ಕಮ್ಮಾ ಈ ಹುಲ್ಲು?"

"ಚೆಂಡು ಪುಟಿಯೋಕೆ, ಅಮ್ಮಾ."

"ಪುಟಿಯುತ್ತಾ?"

ಅಂಟು ಹರಡುತ್ತಿದ್ದ ಕೈ ನಿಂತಿತು. "ಪುಟಿಯುತ್ತಂತೆ," ಎಂದಳು. "ನಾನು ನೋಡಿಲ್ಲ."

ಅತ್ತೆಯಮ್ಮ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡರು. ಮೊದಲ ದಿನದ ಆಟಕ್ಕೆ ನಾನೂ ಬರಲೇ ಎಂದು ಕೇಳಲು ಅಂಟಕ್ಕನ ಬಾಯಿ ತುರಿಸುತ್ತಿತ್ತು. ಕೂಲಿಗೆ ಬಂದವಳು ಕೇಳುವ ಮಾತೇ ಇದು? ಏನಂದುಕೊಂಡಾರು! ಎರಡು ದಿನ ಮಾತು ನಾಲಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು.

ಕೊನೆಯ ದಿನ ಮೋಡ ಕಟ್ಟಿತು. ಮಳೆ ಬಿದ್ದರೆ ಅಂಟು ಹಿಡಿಯುವುದಿಲ್ಲವೆಂದು ಮೇಸ್ತ್ರಿ ಕಾಲಿಗೆ ಬೆಂಕಿ ಬಿದ್ದವನಂತೆ ಓಡಾಡಿದ. ಆ ಗಡಿಬಿಡಿಯಲ್ಲಿ, ಅಂಕಣದ ನಡುವಿನ ಬಲೆಯ ಪಕ್ಕದ ಅಂಟಿನ ಗೆರೆಯನ್ನು ಒತ್ತಿ ಹಿಡಿಯಬೇಕಾದಷ್ಟು ಹೊತ್ತು ಹಿಡಿಯಲು ಅವಳಿಗೆ ಆಗಲಿಲ್ಲ. ಮಳೆಯೇನೋ ಬರಲಿಲ್ಲ. ಆದರೆ ಅವಳ ಮನಸ್ಸು ಆ ಗೆರೆಯಲ್ಲೇ ಸಿಕ್ಕಿಕೊಂಡಿತು.

ಗಾಡಿ ಹೊರಡುವ ಹೊತ್ತಿಗೆ ಗಟ್ಟಿ ಮನಸ್ಸು ಮಾಡಿ ಅತ್ತೆಯಮ್ಮ ಕೂತಿದ್ದ ಬಾಗಿಲಿಗೆ ಹೋದಳು. "ಅಮ್ಮಾ, ಪಾಪು ಮೊದಲ ಸಲ ಆಡುವಾಗ ನಾನೂ ಬಂದು ನೋಡ್ಲಾ? ಮೂಲೆಯಲ್ಲಿ ನಿಂತಿರ್ತೀನಿ."

"ಮೂಲೆ ಯಾಕೆ, ನಮ್ಮನೆಯಲ್ಲಿ ಕುರ್ಚಿಗೇನು ಬರವಾ? ಭಾನುವಾರ ನಾಲ್ಕಕ್ಕೆ ಬಾ. ನನಗೂ ಆ ಆಟದ ತಲೆಬುಡ ಗೊತ್ತಿಲ್ಲ. ಜೊತೆಗೊಬ್ಬಳಿದ್ದರೆ ಧೈರ್ಯ."

ಭಾನುವಾರ ಒಳ್ಳೆಯ ಬಟ್ಟೆ ಉಟ್ಟು, ಉಗುರಿನ ಸಂದಿಯ ಅಂಟನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೆಗೆದು, ಮೂರೂವರೆಗೇ ಬಂದು ರಸ್ತೆಯ ತಿರುವಿನಲ್ಲಿ ಕಾದು, ನಾಲ್ಕಕ್ಕೆ ಸರಿಯಾಗಿ ಒಳಗೆ ಹೋದಳು. ಅತ್ತೆಯಮ್ಮನ ಪಕ್ಕದ ಕುರ್ಚಿ ಖಾಲಿ ಇತ್ತು. ತಾಯಿ ಮಗಳು ಆಡಲು ಇಳಿದರು.

ಮಗಳು ಮೊದಲ ಚೆಂಡಿಗೇ ಮುಂದೆ ನುಗ್ಗಿ ಬಂದು ಬಲೆಯ ಪಕ್ಕ ಗಕ್ಕನೆ ನಿಂತಳು. ಬೂಟು ಬಿದ್ದದ್ದು ಆ ಗೆರೆಯ ಮೇಲೆಯೇ. ಅಲ್ಲಿಂದ ಮುಂದೆ ಅಂಟಕ್ಕ ಆ ಗೆರೆಯಿಂದ ಕಣ್ಣು ಕೀಳಲಿಲ್ಲ. ಹುಡುಗಿ ಅತ್ತ ಓಡಿದರೆ ಉಸಿರು ಬಿಡುವಳು, ಇತ್ತ ಬಂದರೆ ಉಸಿರು ಹಿಡಿಯುವಳು. ಎಲ್ಲೋ ಚೆಂಡಿನ ಸದ್ದಾಗುತ್ತಿತ್ತು, ಅತ್ತೆಯಮ್ಮ ಯಾತಕ್ಕೋ ನಗುತ್ತಿದ್ದರು.

"ಗೆದ್ದಿದ್ದು ಯಾರೇ?" ಎಂದರು ಅವರು, ತಾಯಿ ಮಗಳು ಟವೆಲಿನಲ್ಲಿ ಮುಖ ಒರೆಸಿಕೊಳ್ಳುವಾಗ.

"ಅಂಟು ಹಿಡಿದಿದೆ, ಅಮ್ಮಾ," ಎಂದಳು ಅಂಟಕ್ಕ.

ಹೇಳಿದ ಮೇಲೆ ಅವಳಿಗೆ ತಿಳಿಯಿತು. ಅರ್ಧ ಗಂಟೆ ಆಟ ನಡೆದಿತ್ತು, ಅವಳು ಒಂದು ಚೆಂಡನ್ನೂ ನೋಡಿರಲಿಲ್ಲ. ಇಷ್ಟು ವರ್ಷ ಕಾದದ್ದು ಕಣ್ಣೆದುರೇ ಬಂದು ಹೋಗಿತ್ತು, ಈ ಹಾಳು ಕಣ್ಣಿಗೆ ನೆಲ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಬಂದ ಮನೆಯಲ್ಲಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅತ್ತೆಯಮ್ಮನಿಗೆ ಟೆನಿಸ್ಸಿನ ತಲೆಬುಡ ಗೊತ್ತಿಲ್ಲದಿದ್ದರೂ ಮುಖ ಓದಲು ಗೊತ್ತಿತ್ತು. "ಮಗೂ, ಆ ಬ್ಯಾಟು ಇವಳಿಗೊಂದು ಸಲ ಕೊಡೇ," ಎಂದರು.

"ಬ್ಯಾಟಲ್ಲ ಅಜ್ಜಿ, ರ‍್ಯಾಕೆಟ್ಟು. ಬನ್ನಿ ಆಂಟಿ!"

ಬೇಡ ಬೇಡ ಎನ್ನುತ್ತಲೇ ಅಂಟಕ್ಕ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಅಭ್ಯಾಸಬಲ, ಮಂಡಿ ತಾನಾಗಿಯೇ ಮಡಚಿಕೊಂಡಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನೆಟ್ಟಗೆ ನಿಂತಳು. ಆಚೆಯಿಂದ ಹುಡುಗಿ ಮೆಲ್ಲಗೆ ಚೆಂಡು ಹಾಕಿದಳು.

ಹಳದಿ ಚೆಂಡು ಹುಲ್ಲಿಗೆ ಬಿತ್ತು, ಎದ್ದಿತು. ಅವಳ ಎದೆಯ ಎತ್ತರಕ್ಕೆ ಬಂತು, ಒಂದು ಕ್ಷಣ ಅಲ್ಲೇ ನಿಂತಂತೆ ಕಂಡಿತು, ಪಕ್ಕದಿಂದ ಹಾದು ಹೋಯಿತು. ರ‍್ಯಾಕೆಟ್ಟು ಬೀಸಬೇಕೆನ್ನುವುದೇ ಅವಳಿಗೆ ಮರೆತುಹೋಗಿತ್ತು. ಅವಳು ಅಂಟಿಸಿ ಬಿಟ್ಟುಬಂದ ಎಷ್ಟೋ ಹಿತ್ತಲುಗಳಲ್ಲಿ ಅದು ಹೀಗೇ ಏಳುತ್ತಿತ್ತು, ಅವಳಿಲ್ಲದೆ.

"ಹೊಡೀಲೇ ಇಲ್ವಲ್ಲ ಆಂಟಿ!"

"ಇನ್ನೊಂದು ಹಾಕಮ್ಮಾ," ಎಂದಳು ಅಂಟಕ್ಕ. "ಇನ್ನೂ ಒಂದು ಹಾಕು."